ಕಾಯಿದೆ-ಕಟ್ಟಲೆ: ಹೊಸ ಕಾರು, ತೀರದ ರಿಪೇರಿ

ಕಳೆದ ಸಂಚಿಕೆಯಲ್ಲಿ ಬಾಡಿಗೆ ಮನೆಯ ಮುಂಗಡ ಹಣದ ವಿಚಾರ ಬರೆದಿದ್ದೆನಷ್ಟೆ. ಅದನ್ನು ಓದಿ ಕಾಗದ ಬರೆದ ಮಹನೀಯರಲ್ಲಿ ಮೂವರು ಮನೆಯ ಮಾತನ್ನು ಎರಡು ಸಾಲಿನಲ್ಲಿ ಮುಗಿಸಿ, ಉಳಿದ ಪುಟವನ್ನೆಲ್ಲ ತಮ್ಮ ಹೊಸ ಕಾರಿನ ಗೋಳಿಗೆ ಮೀಸಲಿಟ್ಟಿದ್ದಾರೆ. ಒಬ್ಬರು ಸಿಕಂದರಾಬಾದಿನವರು, ಒಬ್ಬರು ಡೊಂಬಿವಲಿಯವರು, ಮತ್ತೊಬ್ಬರು ನಮ್ಮ ಪುಣೆಯವರೇ. ಊರು ಬೇರೆ, ಕಂಪೆನಿ ಬೇರೆ, ಕಾರಿನ ಬಣ್ಣ ಬೇರೆ; ರೋಗ ಮಾತ್ರ ಒಂದೇ. ಕೊಂಡ ತಿಂಗಳಲ್ಲೇ ಒಂದು ದೋಷ ಕಾಣಿಸಿತು, ಷೋರೂಮಿನವರು ರಿಪೇರಿ ಮಾಡಿಕೊಟ್ಟರು, ಹದಿನೈದು ದಿನಕ್ಕೆ ಅದೇ ದೋಷ ಮರಳಿ ಬಂತು. ಹೀಗೆ ನಾಲ್ಕು ಸಲ, ಐದು ಸಲ. “ಈ ಕಾರನ್ನು ಅವರಿಗೇ ಹಿಂದಿರುಗಿಸಿ ನಮ್ಮ ಹಣ ವಾಪಸು ಪಡೆಯಲು ಬರುವುದಿಲ್ಲವೆ?” ಎಂಬುದು ಮೂವರ ಪ್ರಶ್ನೆ.

ಬರುತ್ತದೆ. ಆದರೆ ಬಹಳ ಜನ ತಿಳಿದುಕೊಂಡಿರುವಷ್ಟು ಸುಲಭವಾಗಿ ಅಲ್ಲ. ಷೋರೂಮಿನವರು ಹೆದರಿಸುವಷ್ಟು ಕಷ್ಟವಾಗಿಯೂ ಅಲ್ಲ. ಈ ಸುಲಭಕ್ಕೂ ಕಷ್ಟಕ್ಕೂ ನಡುವೆ ಇರುವುದು ಒಂದು ಸಣ್ಣ ಕಾಗದ. ಅದರ ಮಾತನ್ನು ಮುಂದೆ ಹೇಳುತ್ತೇನೆ.

ಅಮೆರಿಕದಲ್ಲಿ ಇಂಥ ಕಾರಿಗೆ ‘ನಿಂಬೆಹಣ್ಣು’ ಎಂದೇ ಹೆಸರು. ನಾವು ಹೊಸ ಗಾಡಿಯ ಚಕ್ರದ ಕೆಳಗೆ ನಿಂಬೆಹಣ್ಣು ಇಟ್ಟು ದೃಷ್ಟಿ ತೆಗೆಯುತ್ತೇವೆ. ಅಲ್ಲಿಯವರ ಪಾಲಿಗೆ ಗಾಡಿಯೇ ನಿಂಬೆಹಣ್ಣು! ೧೯೮೨ರಲ್ಲಿ ಕನೆಕ್ಟಿಕಟ್ ರಾಜ್ಯವು ಈ ಬಗ್ಗೆ ಮೊದಲು ಕಾಯಿದೆ ಮಾಡಿತು. ಒಂದೇ ದೋಷಕ್ಕೆ ನಾಲ್ಕು ಸಲ ರಿಪೇರಿಯಾಗಿಯೂ ಗುಣವಾಗದಿದ್ದರೆ, ಅಥವಾ ಕಾರು ಒಟ್ಟು ೩೦ ದಿನ ರಿಪೇರಿಗಾಗಿಯೇ ನಿಂತುಬಿಟ್ಟರೆ, ಕಂಪೆನಿಗೆ ಸಾಕಷ್ಟು ಅವಕಾಶ ಕೊಟ್ಟಾಯಿತೆಂದು ಅಲ್ಲಿಯ ಕಾಯಿದೆ ಭಾವಿಸುತ್ತದೆ. ಉಳಿದ ರಾಜ್ಯಗಳೂ ಅದೇ ಹಾದಿ ಹಿಡಿದವು. ನಮ್ಮ ದೇಶದಲ್ಲಿ ಹೀಗೆ ಬೆರಳು ಮಡಿಸಿ ಎಣಿಸುವ ಕಾಯಿದೆ ಇಲ್ಲ. ನಮಗಿರುವುದು ಗ್ರಾಹಕ ಸಂರಕ್ಷಣಾ ಕಾಯಿದೆ. ೧೯೮೬ರ ಹಳೆಯದು ಹೋಗಿ, ೨೦೧೯ರ ಹೊಸದು ೨೦೨೦ರ ಜುಲೈ ತಿಂಗಳಿಂದ ಜಾರಿಗೆ ಬಂದಿದೆ. ಬೆಂಕಿಪೆಟ್ಟಿಗೆಗೂ ಮೋಟಾರಿಗೂ ಅದೊಂದೇ ಕಾಯಿದೆ.

ಅದರ ೩೯ನೆಯ ಕಲಮಿನಲ್ಲಿ ಆಯೋಗವು ಏನೇನು ಆಜ್ಞೆ ಮಾಡಬಹುದೆಂದು ಹೇಳಿದೆ: ದೋಷ ತೆಗೆದುಕೊಡು, ಅಂಥದೇ ಬೇರೆ ಹೊಸ ವಸ್ತು ಕೊಡು, ಬೆಲೆಯನ್ನು ಬಡ್ಡಿಸಹಿತ ಹಿಂದಿರುಗಿಸು, ನಷ್ಟ ತುಂಬಿಕೊಡು. ಓದಲು ಬಹಳ ಸೊಗಸಾಗಿದೆ. ಇವುಗಳಲ್ಲಿ ಯಾವುದು ನಮ್ಮ ಪಾಲಿಗೆ ಎಂಬುದರಲ್ಲೇ ಮರ್ಮವೆಲ್ಲ ಅಡಗಿದೆ. ೨೦೦೬ರಲ್ಲಿ ಮಾರುತಿ ಉದ್ಯೋಗ ಕಂಪೆನಿಯ ಒಂದು ಮೊಕದ್ದಮೆ ಸುಪ್ರೀಮ್ ಕೋರ್ಟಿನವರೆಗೆ ಹೋಗಿತ್ತು. ಕ್ಲಚ್ಚಿನ ತೊಂದರೆಗಾಗಿ ಇಡೀ ಕಾರನ್ನೇ ಬದಲಾಯಿಸಿಕೊಡಬೇಕೆಂದು ಕೆಳಗೆ ಆಜ್ಞೆಯಾಗಿತ್ತು. ಸುಪ್ರೀಮ್ ಕೋರ್ಟು ಅದನ್ನು ಒಪ್ಪಲಿಲ್ಲ. ವಾರಂಟಿಯ ಕರಾರು ಇರುವುದು ಕೆಟ್ಟ ಭಾಗವನ್ನು ಸರಿಪಡಿಸಲು ಅಥವಾ ಆ ಭಾಗವನ್ನು ಬದಲಾಯಿಸಲು; ಇಡೀ ವಾಹನವನ್ನು ಬದಲಾಯಿಸಲು ಅಲ್ಲ ಎಂದಿತು. ಗಾಡಿಯನ್ನು ರಿಪೇರಿಗೆ ದೂರದೂರಿಗೆ ಒಯ್ದ ಖರ್ಚಿನ ಬಾಬ್ತು ಪರಿಹಾರ ಕೊಡಿಸಿತು, ಅಷ್ಟೆ. ಇಂದಿಗೂ ಕಂಪೆನಿಗಳ ವಕೀಲರು ಮೊದಲು ಎತ್ತಿ ತೋರಿಸುವುದು ಈ ತೀರ್ಪನ್ನೇ.

ಆದರೆ ಇನ್ನೊಂದು ಕಡೆಯೂ ಇದೆ. ೨೦೧೦ರಲ್ಲಿ ಫಿಯೆಟ್ ಕಾರಿನ ಇನ್ನೊಂದು ಪ್ರಕರಣ. ಎಂಜಿನ್ನಿನ ಸದ್ದು ನಿಲ್ಲದೆ, ಕಂಪೆನಿಯವರು ಎಂಜಿನ್ನನ್ನೇ ಬದಲಾಯಿಸಿಯೂ ಮಾಲಿಕರಿಗೆ ಸಮಾಧಾನವಾಗಿರಲಿಲ್ಲ. ಆಗ ಅದೇ ಸುಪ್ರೀಮ್ ಕೋರ್ಟು, ಸ್ವತಂತ್ರ ತಜ್ಞರೊಬ್ಬರು ಕಾರನ್ನು ಪರೀಕ್ಷಿಸಲಿ, ತಯಾರಿಕೆಯಲ್ಲೇ ಹುಟ್ಟಿದ ದೋಷವಿದೆಯೆಂದು ಅವರು ಹೇಳಿದರೆ ಕಾರಿನ ಬೆಲೆಯನ್ನೂ ಕಟ್ಟಿದ ಆಜೀವ ತೆರಿಗೆಯನ್ನೂ ಬಡ್ಡಿಸಹಿತ ಹಿಂದಿರುಗಿಸಬೇಕು ಎಂದು ಆಜ್ಞಾಪಿಸಿತು. ಅದಕ್ಕೂ ಮೊದಲು, ೨೦೦೪ರಲ್ಲಿ, ಪ್ರೀಮಿಯರ್ ಕಂಪೆನಿಯ ಕಾರೊಂದರ ವಿಷಯದಲ್ಲಿ, ದೋಷವಿರುವ ಗಾಡಿಯನ್ನು ಹೊಚ್ಚಹೊಸದೆಂದು ಮಾರಿದ್ದು ನಾಚಿಕೆಗೇಡು ಎಂದು ನ್ಯಾಯಮೂರ್ತಿಗಳು ಕಟುವಾಗಿಯೇ ಹೇಳಿದ್ದರು.

ಈ ತೀರ್ಪುಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿದರೆ ಒಂದು ಮಾತು ಸ್ಪಷ್ಟವಾಗುತ್ತದೆ. ‘ಕೆಟ್ಟಿದೆ’ ಎಂದು ತೋರಿಸಿದರೆ ರಿಪೇರಿ ಸಿಗುತ್ತದೆ. ‘ಹುಟ್ಟಿನಿಂದಲೇ ಕೆಟ್ಟಿದೆ, ರಿಪೇರಿಗೆ ಬಗ್ಗುವುದಿಲ್ಲ’ ಎಂದು ತೋರಿಸಿದರೆ ಮಾತ್ರ ಹೊಸ ಕಾರೋ ಹಣವೋ ಸಿಗುತ್ತದೆ. ತೋರಿಸುವ ಭಾರ ಮೊದಲಿಗೆ ನಮ್ಮ ಹೆಗಲ ಮೇಲೆ.

ಇನ್ನು ಆ ಸಣ್ಣ ಕಾಗದದ ವಿಚಾರ. ನಮ್ಮ ಸಂಘದ ಸದಸ್ಯರೊಬ್ಬರು ಕೇಂದ್ರ ಸರಕಾರದ ನೌಕರರು, ಗೋಕಾಕದ ಕಡೆಯವರು. ಭವಿಷ್ಯನಿಧಿಯಿಂದ ಸ್ವಲ್ಪ, ಬ್ಯಾಂಕಿನ ಸಾಲ ಬಹಳ, ಹೀಗೆ ಕೂಡಿಸಿ ಒಂಬತ್ತು ಲಕ್ಷದ ಕಾರು ಕೊಂಡರು. ತಾನಾಗಿಯೇ ಗೇರು ಬದಲಿಸಿಕೊಳ್ಳುವ ಕಾರು. ಎರಡನೆಯ ತಿಂಗಳಲ್ಲೇ ಏರು ರಸ್ತೆಯಲ್ಲಿ ಗೇರು ಜಾರಿ ನ್ಯೂಟ್ರಲ್ಲಿಗೆ ಬೀಳತೊಡಗಿತು. ವರ್ಕ್‌ಷಾಪಿನವರು ಎರಡು ದಿನ ಇಟ್ಟುಕೊಂಡು, “ಸಾಫ್ಟ್‌ವೇರ್ ಹೊಸದು ಹಾಕಿದ್ದೇವೆ, ಇನ್ನು ಚಿಂತೆಯಿಲ್ಲ” ಎಂದರು. ಮತ್ತೆ ಬಿದ್ದಿತು. ಮತ್ತೆ ಹಾಕಿದರು. ದೀಪಾವಳಿಗೆ ಊರಿಗೆ ಹೊರಟಾಗ ಖಂಬಾಟಕಿ ಘಾಟಿನ ಏರಿನಲ್ಲಿ, ಹಿಂದಿನ ಸೀಟಿನಲ್ಲಿ ಎಪ್ಪತ್ತು ದಾಟಿದ ತಾಯಿ ಮತ್ತು ಎರಡು ಮಕ್ಕಳು ಇರುವಾಗ, ಕಾರು ನಿಂತು ಹಿಮ್ಮುಖವಾಗಿ ಸರಿಯಿತು. ಹಿಂದೆ ಸಕ್ಕರೆ ಮೂಟೆ ಹೇರಿದ ಲಾರಿ. ಆ ಲಾರಿಯ ಚಾಲಕನೇ ಸಮಯಕ್ಕೆ ಬ್ರೇಕು ಹಾಕಿ, ಇಳಿದು ಬಂದು, ಚಕ್ರದ ಕೆಳಗೆ ಕಲ್ಲು ಕೊಟ್ಟು ಕಾಪಾಡಿದ.

ಊರಿನಿಂದ ಮರಳಿದವರು ಹಳೆಯ ಜಾಬ್ ಕಾರ್ಡುಗಳನ್ನೆಲ್ಲ ತೆಗೆದು ನೋಡಿದರು. ಮೂರು ಸಲ ಗಾಡಿ ಬಿಟ್ಟಿದ್ದಕ್ಕೆ ಮೂರು ಕಾರ್ಡುಗಳಿದ್ದವು. ಒಂದರಲ್ಲಿ ‘ಸಾಮಾನ್ಯ ತಪಾಸಣೆ’, ಇನ್ನೊಂದರಲ್ಲಿ ‘ಮೊದಲ ಉಚಿತ ಸರ್ವಿಸು’, ಮತ್ತೊಂದರಲ್ಲಿ ‘ದೋಷ ಕಂಡುಬರಲಿಲ್ಲ’. ಗೇರು ಎಂಬ ಶಬ್ದ ಒಂದರಲ್ಲೂ ಇರಲಿಲ್ಲ! ಬಾಯಿಯಲ್ಲಿ ಹೇಳಿದ್ದು ಬಾಯಿಯಲ್ಲೇ ಉಳಿದಿತ್ತು. ಆ ಮೂರು ಕಾಗದಗಳನ್ನು ಹಿಡಿದು ಆಯೋಗಕ್ಕೆ ಹೋದರೆ, ಗಾಡಿ ಒಂದು ಸಲವೂ ಗೇರಿನ ದೂರಿಗೆ ಬಂದೇ ಇಲ್ಲವೆಂದು ಕಂಪೆನಿ ಹೇಳಬಹುದು; ಆಯೋಗ ಅದನ್ನು ನಂಬಿದರೆ ತಪ್ಪೂ ಅಲ್ಲ. ಕಚೇರಿಯಲ್ಲಿ ಹತ್ತಾರು ವರ್ಷ ಟಪಾಲು ನೋಡಿದವರಿಗೆ ಇದು ಹೊಸ ಸಂಗತಿಯಲ್ಲ. ಕಡತದಲ್ಲಿಲ್ಲದ ಘಟನೆ ನಡೆದೇ ಇಲ್ಲ.

ನಾಲ್ಕನೆಯ ಸಲ ಅವರ ಮನೆಯವರೂ ಜೊತೆಗೆ ಹೋದರು. ಆಕೆ ಶಾಲೆಯ ಉಪಾಧ್ಯಾಯಿನಿ. ಸರ್ವಿಸ್ ಅಡ್ವೈಸರು ಎಂದಿನಂತೆ ‘ಸಾಮಾನ್ಯ ತಪಾಸಣೆ’ ಎಂದು ಕಂಪ್ಯೂಟರಿನಲ್ಲಿ ಬರೆದು ಸಹಿಗೆ ಕೊಟ್ಟಾಗ ಆಕೆ ಗಂಡನ ಕಡೆ ತಿರುಗಿ, “ಏನ್ರೀ, ಸುಳ್ಳ ಬರದಿದ್ದಕ್ಕ ನೀವು ಸಹಿ ಯಾಕ ಮಾಡ್ತೀರಿ?” ಎಂದರಂತೆ. ಅರ್ಧ ಗಂಟೆ ಮಾತಾಯಿತು, ಮ್ಯಾನೇಜರು ಬಂದರು. ಕೊನೆಗೆ ‘ಏರಿನಲ್ಲಿ ಗೇರು ತಾನಾಗಿ ನ್ಯೂಟ್ರಲ್ಲಿಗೆ ಹೋಗುತ್ತದೆ, ಗಾಡಿ ಹಿಂದಕ್ಕೆ ಸರಿಯುತ್ತದೆ, ಇದು ನಾಲ್ಕನೆಯ ಸಲ’ ಎಂದು ಕಾರ್ಡಿನಲ್ಲಿ ಮೂಡಿತು. ಐದನೆಯ ಸಲವೂ ಹಾಗೆಯೇ. ಈ ಕುಟುಂಬದ ಪ್ರಕರಣಕ್ಕೆ ಇಂದು ಇರುವ ಬಲವೆಲ್ಲ ಆ ಎರಡು ಕಾಗದಗಳದು.

ಆದ್ದರಿಂದ ಓದುಗರಲ್ಲಿ ನನ್ನ ವಿನಂತಿ: ಗಾಡಿ ಬಿಡುವಾಗ ತಮ್ಮ ದೂರು ತಮ್ಮ ಮಾತಿನಲ್ಲೇ ಜಾಬ್ ಕಾರ್ಡಿನಲ್ಲಿ ಬರುವವರೆಗೆ ಸಹಿ ಮಾಡಬೇಡಿ. ಬಿಟ್ಟ ತಾರೀಖು, ಮರಳಿ ಪಡೆದ ತಾರೀಖು, ಓಡಿದ ಕಿಲೋಮೀಟರು ಮೂರೂ ಇರಲಿ. ಗಾಡಿ ಎಷ್ಟು ದಿನ ಅವರ ಅಂಗಳದಲ್ಲಿತ್ತೆಂಬುದು ಮುಂದೆ ಲೆಕ್ಕಕ್ಕೆ ಬರುತ್ತದೆ. ಮರಳಿ ಪಡೆಯುವಾಗ ಏನು ಮಾಡಿದರು, ಯಾವ ಭಾಗ ಬದಲಾಯಿಸಿದರು ಎಂಬುದನ್ನು ಬರೆಸಿಕೊಳ್ಳಿ. ‘ತೃಪ್ತಿಯಾಗಿದೆ’ ಎಂಬ ಚೌಕದಲ್ಲಿ ಗುರುತು ಹಾಕಲು ನಗುನಗುತ್ತ ಕೇಳುತ್ತಾರೆ. ಓಡಿಸಿ ನೋಡದೆ ಹಾಕಬಾರದು. ಅವರು ಬರೆಯಲು ಒಪ್ಪದಿದ್ದರೆ ಅಂದೇ ಸಂಜೆ ಷೋರೂಮಿಗೂ ಕಂಪೆನಿಗೂ ಇ-ಮೇಲಿನಲ್ಲಿ ಎರಡು ಸಾಲು ಬರೆದುಬಿಡಿ. ಮೂರನೆಯ ಸಲವೂ ಅದೇ ದೋಷ ಬಂದರೆ ಸ್ಪೀಡ್ ಪೋಸ್ಟಿನಲ್ಲಿ ಕಾಗದ ಕಳಿಸಿ, ರಸೀದಿ ಇಟ್ಟುಕೊಳ್ಳಿ. ದೋಷ ಕಾಣಿಸಿಕೊಂಡಾಗ ಪಕ್ಕದಲ್ಲಿ ಕುಳಿತವರು ಮೊಬೈಲಿನಲ್ಲಿ ಚಿತ್ರ ತೆಗೆಯಲಿ, ಚಾಲಕರಲ್ಲ. ವಾರಂಟಿ ಇರುವಷ್ಟು ಕಾಲ ಗುರುತಿನ ಗ್ಯಾರೇಜಿನವನಿಂದ ಆ ಭಾಗವನ್ನು ಬಿಚ್ಚಿಸುವುದೂ ಬೇಡ. ಕೆಡಿಸಿದವನು ಅವನೇ ಎಂದು ಕಂಪೆನಿಯವರು ಕೈ ತೊಳೆದುಕೊಳ್ಳುತ್ತಾರೆ.

ಬ್ರೇಕು, ಸ್ಟಿಯರಿಂಗು, ಗೇರು ಇಂಥವುಗಳ ದೋಷವಿದ್ದರೆ ಗಾಡಿ ಓಡಿಸುವುದನ್ನು ನಿಲ್ಲಿಸಿ, ನಿಲ್ಲಿಸಿದ್ದೇವೆಂದು ಅವರಿಗೆ ತಿಳಿಸುವುದು ಪ್ರಾಣಕ್ಕೂ ಒಳ್ಳೆಯದು, ಮೊಕದ್ದಮೆಗೂ ಒಳ್ಳೆಯದು. ಐವತ್ತು ಸಾವಿರ ಕಿಲೋಮೀಟರು ಓಡಿಸಿ ಆಮೇಲೆ ‘ಹುಟ್ಟಿನಿಂದಲೇ ದೋಷ’ ಎಂದು ಹೋದರೆ, ಅಷ್ಟು ದೂರ ಹೇಗೆ ಓಡಿತು ಎಂಬ ಪ್ರಶ್ನೆ ಬಂದೇ ಬರುತ್ತದೆ.

ಕಾಗದದ ನಂತರ ತಜ್ಞರು. ಕಣ್ಣಿಗೆ ಕಾಣದ ದೋಷವಾದರೆ ವಸ್ತುವನ್ನು ಪರೀಕ್ಷೆಗೆ ಕಳಿಸಬೇಕೆಂದು ೩೮ನೆಯ ಕಲಮು ಹೇಳುತ್ತದೆ. ವರದಿಗೆ ೪೫ ದಿನದ ಗಡುವಿದೆ. ಶುಲ್ಕವನ್ನು ಮೊದಲಿಗೆ ದೂರುದಾರರೇ ಕಟ್ಟಬೇಕಾಗಬಹುದು. ಕಾರುಗಳ ವಿಷಯದಲ್ಲಿ ಸಾಮಾನ್ಯವಾಗಿ ಎಂಜಿನಿಯರಿಂಗ್ ಕಾಲೇಜಿನ ಪ್ರಾಧ್ಯಾಪಕರನ್ನೋ ಸಾರಿಗೆ ಇಲಾಖೆಯ ಮೋಟಾರು ವಾಹನ ನಿರೀಕ್ಷಕರನ್ನೋ ಆಯೋಗ ನೇಮಿಸುತ್ತದೆ. ದೂರಿನ ಜೊತೆಗೇ ಇದಕ್ಕೊಂದು ಅರ್ಜಿ ಹಾಕಬೇಕು. ಎಷ್ಟೋ ಜನ ಜಾಬ್ ಕಾರ್ಡುಗಳ ಕಟ್ಟನ್ನೇ ನಂಬಿ, ತಜ್ಞರನ್ನು ಕೇಳುವುದನ್ನೇ ಬಿಡುತ್ತಾರೆ. ಜಿಲ್ಲಾ ಆಯೋಗದಲ್ಲಿ ಗೆದ್ದರೂ ಮೇಲ್ಮನವಿಯಲ್ಲಿ ಬುಡ ಅಲುಗುವುದು ಅಲ್ಲೇ. ಜಾಬ್ ಕಾರ್ಡು ದೋಷ ಮರುಕಳಿಸಿತೆಂದು ಹೇಳುತ್ತದೆ. ಅದು ತಯಾರಿಕೆಯ ದೋಷವೆಂದು ಹೇಳಬೇಕಾದವರು ತಜ್ಞರು.

ಈಗ ನಮ್ಮಂಥ ವಲಸಿಗರಿಗೆ ಮುಖ್ಯವಾದ ಮಾತು. ಮೇಲೆ ಹೇಳಿದ ಸದಸ್ಯರಿಗೆ ಐದನೆಯ ರಿಪೇರಿಯ ಹೊತ್ತಿಗೆ ಚೆನ್ನೈಗೆ ವರ್ಗವಾಯಿತು. ಕಾರು ಕೊಂಡದ್ದು ಪುಣೆಯಲ್ಲಿ, ಕೆಟ್ಟಿದ್ದು ಸಾತಾರೆಯ ದಾರಿಯಲ್ಲಿ, ಸಂಸಾರ ಇರುವುದು ಚೆನ್ನೈಯಲ್ಲಿ. ೧೯೮೬ರ ಕಾಯಿದೆಯಲ್ಲಿ ದೂರನ್ನು ಎದುರು ಪಕ್ಷದವರು ಇರುವ ಊರಿನಲ್ಲೋ ವ್ಯಾಜ್ಯದ ಕಾರಣ ಹುಟ್ಟಿದ ಊರಿನಲ್ಲೋ ಕೊಡಬೇಕಿತ್ತು. ವರ್ಗವಾದ ನೌಕರನು ಪ್ರತಿ ತಾರೀಖಿಗೂ ರಜೆ ಹಾಕಿ ರೈಲು ಹತ್ತಬೇಕು. ನಾಲ್ಕು ತಾರೀಖಿಗೆ ಉತ್ಸಾಹ ಇಳಿಯುತ್ತದೆ. ೨೦೧೯ರ ಕಾಯಿದೆಯ ೩೪ನೆಯ ಕಲಮು ಇದನ್ನು ಬದಲಾಯಿಸಿತು. ದೂರುದಾರನು ವಾಸವಾಗಿರುವ ಅಥವಾ ಕೆಲಸ ಮಾಡುವ ಊರಿನಲ್ಲೇ ದೂರು ಕೊಡಬಹುದು. ನಮ್ಮ ಸದಸ್ಯರು ಚೆನ್ನೈಯಲ್ಲೇ ಕೊಟ್ಟರು. ಪುಣೆಯ ಷೋರೂಮಿನವರು ಅಲ್ಲಿಗೆ ವಕೀಲರನ್ನು ಕಳಿಸಬೇಕಾಗಿದೆ. ತಕ್ಕ ಕಾರಣ ತೋರಿಸಿದರೆ ವೀಡಿಯೋ ಮೂಲಕ ಹಾಜರಾಗಲೂ ಅವಕಾಶವಿದೆ. ಈ ಒಂದು ಬದಲಾವಣೆಗಾಗಿಯೇ ಹೊಸ ಕಾಯಿದೆ ಮಾಡಿದವರಿಗೆ ನಾನಂತೂ ಋಣಿ. ಮೂರು ವರ್ಷಕ್ಕೊಮ್ಮೆ ಗಂಟುಮೂಟೆ ಕಟ್ಟುವವರ ಕಷ್ಟ ಯಾರಿಗೋ ಗೊತ್ತಿದ್ದಿರಬೇಕು.

ಕೊಟ್ಟ ಬೆಲೆ ೫೦ ಲಕ್ಷ ರೂಪಾಯಿಯವರೆಗಿದ್ದರೆ ಜಿಲ್ಲಾ ಆಯೋಗ. ನಮ್ಮ ಓದುಗರಲ್ಲಿ ಅದಕ್ಕಿಂತ ಹೆಚ್ಚಿನ ಕಾರು ಕೊಂಡವರಿದ್ದರೆ ಅವರು ಈ ಅಂಕಣ ಓದುವ ಬದಲು ದೊಡ್ಡ ವಕೀಲರನ್ನೇ ಕಾಣಬಹುದು! ಶುಲ್ಕ ನಂಬಲಾಗದಷ್ಟು ಕಡಿಮೆ: ೫ ಲಕ್ಷದವರೆಗೆ ಏನೂ ಇಲ್ಲ, ೧೦ ಲಕ್ಷದವರೆಗೆ ೨೦೦ ರೂಪಾಯಿ, ೨೦ ಲಕ್ಷದವರೆಗೆ ೪೦೦, ೫೦ ಲಕ್ಷದವರೆಗೆ ೧,೦೦೦. ವಕೀಲರಿಲ್ಲದೆ ತಾವೇ ವಾದಿಸಬಹುದು. ದೂರನ್ನು ಸರಕಾರದ ಜಾಲತಾಣದ ಮೂಲಕವೇ ಸಲ್ಲಿಸಬಹುದು. ಅದಕ್ಕೂ ಮೊದಲು ೧೯೧೫ ಎಂಬ ಸಂಖ್ಯೆಗೆ ಫೋನು ಮಾಡಿ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯಲ್ಲಿ ದೂರು ದಾಖಲಿಸುವುದು ಒಳ್ಳೆಯದು. ಕೆಲವೊಮ್ಮೆ ಕಂಪೆನಿಯ ಮೇಲಿನ ಅಧಿಕಾರಿಗಳಿಗೆ ಸುದ್ದಿ ಮುಟ್ಟುವುದೇ ಆಗ.

ಕಾಲಮಿತಿ ಎರಡು ವರ್ಷ. ಇದು ಬಹಳ ಜನರು ಎಡವುವ ಕಲ್ಲು. “ಈ ಸಲ ನೋಡೋಣ, ಮುಂದಿನ ಸಲ ನೋಡೋಣ” ಎಂದು ವರ್ಕ್‌ಷಾಪಿನವರ ಮಾತಿಗೆ ತಲೆದೂಗುತ್ತ ಕೂತರೆ ಎರಡು ವರ್ಷ ಸರಿದುಹೋಗುತ್ತದೆ. ವಿಳಂಬಕ್ಕೆ ತಕ್ಕ ಕಾರಣವಿದ್ದರೆ ಆಯೋಗ ಮನ್ನಿಸಬಹುದು, ಆದರೆ ಮನ್ನಣೆಯನ್ನು ನಂಬಿ ಕೂರುವುದೇಕೆ? ದೋಷ ಮೊದಲು ಕಂಡ ದಿನದಿಂದಲೇ ಲೆಕ್ಕ ಹಾಕಿಕೊಂಡರೆ ಕ್ಷೇಮ. ಎದುರು ಪಕ್ಷದವರು ಉತ್ತರ ಕೊಡಲು ೩೦ ದಿನ, ಹೆಚ್ಚೆಂದರೆ ಇನ್ನು ೧೫ ದಿನ. ಅದನ್ನು ಮೀರಿ ಕಾಲ ಕೊಡಲಾಗದೆಂದು ೨೦೨೦ರಲ್ಲಿ ಸುಪ್ರೀಮ್ ಕೋರ್ಟಿನ ಸಂವಿಧಾನ ಪೀಠವೇ ಹೇಳಿದೆ. ಪರೀಕ್ಷೆ ಬೇಕಾದ ಪ್ರಕರಣ ಐದು ತಿಂಗಳಲ್ಲಿ ಮುಗಿಯಬೇಕೆಂದು ಕಾಯಿದೆಯ ಆಶಯ. ಆಶಯಕ್ಕೂ ನಡೆಯುವುದಕ್ಕೂ ಇರುವ ದೂರವನ್ನು ಸರಕಾರಿ ಕಚೇರಿಯಲ್ಲಿ ಗುಮಾಸ್ತೆಯಾಗಿರುವ ನಾನು ಬಿಡಿಸಿ ಹೇಳಬೇಕಾಗಿಲ್ಲ. ಸೋತ ಕಂಪೆನಿ ರಾಜ್ಯ ಆಯೋಗಕ್ಕೆ ೪೫ ದಿನದೊಳಗೆ ಮೇಲ್ಮನವಿ ಹೋಗಬಹುದು, ಆದರೆ ಆಜ್ಞೆಯಾದ ಹಣದ ಅರ್ಧ ಭಾಗವನ್ನು ಮೊದಲು ಠೇವಣಿ ಇಡಬೇಕು.

ದೂರಿನಲ್ಲಿ ಷೋರೂಮಿನವರನ್ನೂ ತಯಾರಕ ಕಂಪೆನಿಯನ್ನೂ ಇಬ್ಬರನ್ನೂ ಸೇರಿಸಬೇಕು. ಒಬ್ಬರನ್ನೇ ಹಿಡಿದರೆ ಅವರು ಮತ್ತೊಬ್ಬರ ಕಡೆ ಬೆರಳು ತೋರಿಸುತ್ತಾರೆ. ಯಾರ ತಪ್ಪಿಗೆ ಯಾರು ಹೊಣೆ ಎಂಬುದು ಬೇರೆ. ೨೦೨೧ರಲ್ಲಿ ಟಾಟಾ ಮೋಟಾರ್ಸ್ ಕಂಪೆನಿಯ ಪ್ರಕರಣದಲ್ಲಿ, ವ್ಯಾಪಾರಿಯು ಓಡಿದ ಹಳೆಯ ಗಾಡಿಯನ್ನು ಹೊಸದೆಂದು ಮಾರಿದ್ದಕ್ಕೆ, ತಯಾರಕರಿಗೆ ಅದು ತಿಳಿದಿತ್ತೆಂದು ತೋರಿಸದ ಹೊರತು ಅವರು ಹೊಣೆಯಲ್ಲವೆಂದು ತೀರ್ಪಾಯಿತು. ಆದುದರಿಂದ ಗಾಡಿ ಮನೆಗೆ ತರುವ ದಿನ ಹೂವು-ಕುಂಕುಮಕ್ಕೆ ಮೊದಲು ತಯಾರಾದ ತಿಂಗಳನ್ನೂ ಮೀಟರಿನ ಅಂಕಿಯನ್ನೂ ಷಾಸಿ ನಂಬರನ್ನೂ ಕಾಗದದ ಜೊತೆಗೆ ತಾಳೆ ನೋಡಿಕೊಳ್ಳಿ.

ಒಂದೇ ಮಾದರಿಯ ಬಹಳ ಗಾಡಿಗಳಲ್ಲಿ ಅಪಾಯಕರ ದೋಷವಿದ್ದರೆ, ಅವನ್ನೆಲ್ಲ ಹಿಂದಕ್ಕೆ ಕರೆಸಲು ಕಂಪೆನಿಗೆ ಆಜ್ಞೆ ಮಾಡುವ ಅಧಿಕಾರವನ್ನು ೨೦೧೯ರ ಮೋಟಾರು ವಾಹನ ತಿದ್ದುಪಡಿ ಕಾಯಿದೆ ಕೇಂದ್ರ ಸರಕಾರಕ್ಕೆ ಕೊಟ್ಟಿದೆ. ಅದರ ನಿಯಮಗಳು ೨೦೨೧ರ ಏಪ್ರಿಲಿನಿಂದ ಜಾರಿಯಲ್ಲಿವೆ. ನಿಮ್ಮ ಒಂದು ದೂರಿನಿಂದ ಇದು ಆಗದಿದ್ದರೂ ಸಾರಿಗೆ ಸಚಿವಾಲಯದ ‘ವಾಹನ್’ ಜಾಲತಾಣದಲ್ಲಿ ದೂರು ದಾಖಲಿಸಿದರೆ ಎಣಿಕೆಗೆ ಒಂದು ಕೂಡುತ್ತದೆ.

ಸಿಕಂದರಾಬಾದಿನ ಮಹನೀಯರು, “ಪೊಲೀಸರಿಗೆ ವಂಚನೆಯ ದೂರು ಕೊಟ್ಟರೆ ಹೇಗೆ?” ಎಂದು ಕೇಳಿದ್ದಾರೆ. ಅವರ ಕಡೆಯ ಹೈಕೋರ್ಟಿನಿಂದಲೇ ಹೋದ ಒಂದು ಪ್ರಕರಣವಿದೆ. ೨೦೦೯ರ ಸೆಪ್ಟೆಂಬರಿನಲ್ಲಿ ಒಂದು ಸಂಸ್ಥೆ ಬಿ.ಎಂ.ಡಬ್ಲ್ಯೂ. ಕಾರು ಕೊಂಡಿತು. ನಾಲ್ಕೇ ದಿನಕ್ಕೆ ತೊಂದರೆ ಕಾಣಿಸಿತು, ನವೆಂಬರಿನಲ್ಲಿ ಮತ್ತೆ ಬಂತು, ಪೊಲೀಸು ದೂರಾಯಿತು. ೨೦೧೨ರಲ್ಲಿ ಅಂದಿನ ಆಂಧ್ರಪ್ರದೇಶ ಹೈಕೋರ್ಟು ವಂಚನೆಯ ಪ್ರಕರಣವನ್ನು ರದ್ದುಮಾಡಿ, ಹೊಸ ಕಾರು ಕೊಡಿ ಎಂದಿತು. ಕಂಪೆನಿ ಕೊಡಲು ಮುಂದೆ ಬಂದಿತು. ಕೊಂಡವರು ಹಣವೇ ಬೇಕೆಂದರು. ಕೊನೆಗೆ ೨೦೨೪ರ ಜುಲೈಯಲ್ಲಿ ಸುಪ್ರೀಮ್ ಕೋರ್ಟು ೫೦ ಲಕ್ಷ ರೂಪಾಯಿ ಕೊಡಿಸಿ ವ್ಯಾಜ್ಯ ಮುಗಿಸಿತು. ಹದಿನೈದು ವರ್ಷ! ದೊಡ್ಡ ಸಂಸ್ಥೆಗೆ ಅದು ತಡೆದೀತು. ಸಂಬಳದವರು ಇದರಿಂದ ಕಲಿಯಬೇಕಾದದ್ದು ಬೇರೆ: ಕಂಪೆನಿ ನ್ಯಾಯವಾದ ಪರಿಹಾರವನ್ನು ಬರವಣಿಗೆಯಲ್ಲಿ ಕೊಟ್ಟರೆ, ಹಟಕ್ಕೆ ಬಿಡಬಾರದು. ಹೊಸ ಕಾಯಿದೆಯಲ್ಲಿ ಸಂಧಾನಕ್ಕೆ ಪ್ರತ್ಯೇಕ ಏರ್ಪಾಡೇ ಇದೆ. ಆದರೆ ಬರಿಯ ‘ವಾರಂಟಿ ಒಂದು ವರ್ಷ ಹೆಚ್ಚಿಸುತ್ತೇವೆ’ ಎಂಬ ಮಾತು ಪರಿಹಾರವಲ್ಲ. ರೋಗ ಹಾಗೆಯೇ ಇದ್ದು ಆಸ್ಪತ್ರೆಯ ಚೀಟಿ ಮಾತ್ರ ಉದ್ದವಾದಂತೆ.

ಡೊಂಬಿವಲಿಯವರು ಸಿಟ್ಟಿನಿಂದ ಬ್ಯಾಂಕಿನ ಕಂತು ಕಟ್ಟುವುದನ್ನು ನಿಲ್ಲಿಸಬೇಕೆಂದಿದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ. ಸಾಲ ಕೊಟ್ಟ ಬ್ಯಾಂಕಿಗೂ ಕಾರು ಕೆಟ್ಟದ್ದಕ್ಕೂ ಸಂಬಂಧವಿಲ್ಲ. ಕಂತು ತಪ್ಪಿದರೆ ಗಾಡಿ ಅವರ ವಶವಾಗುತ್ತದೆ, ಮೊಕದ್ದಮೆಯ ಸಾಕ್ಷಿಯೇ ಕೈಬಿಟ್ಟುಹೋಗುತ್ತದೆ. ಕಟ್ಟಿದ ಬಡ್ಡಿಯನ್ನು ನಷ್ಟದ ಲೆಕ್ಕದಲ್ಲಿ ಕೇಳಿ. ನಮ್ಮ ಗೋಕಾಕದ ಸದಸ್ಯರು ಚೆನ್ನೈಯ ಮನೆಯ ಕೆಳಗೆ ಹೊದಿಕೆ ಹೊದಿಸಿ ನಿಲ್ಲಿಸಿದ ಕಾರಿಗೆ ಇಂದಿಗೂ ತಿಂಗಳು ತಿಂಗಳು ಕಂತು ಕಟ್ಟುತ್ತಿದ್ದಾರೆ. ತಜ್ಞರ ತಪಾಸಣೆ ಮುಗಿದಿದೆ, ವರದಿ ಬರಬೇಕು.

ಪುಣೆಯ ಓದುಗರ ತಮ್ಮ ಟ್ಯಾಕ್ಸಿಗೆಂದು ಕೊಂಡ ಗಾಡಿಯ ಬಗ್ಗೆಯೂ ಕೇಳಿದ್ದಾರೆ. ವ್ಯಾಪಾರಕ್ಕಾಗಿ ಕೊಂಡವರು ಈ ಕಾಯಿದೆಯಲ್ಲಿ ಗ್ರಾಹಕರಲ್ಲ. ಆದರೆ ಹೊಟ್ಟೆಪಾಡಿಗಾಗಿ ಸ್ವಂತ ದುಡಿಮೆಗೆಂದೇ ಕೊಂಡ ಒಂದು ಟ್ಯಾಕ್ಸಿಗೆ ಕಾಯಿದೆಯಲ್ಲೇ ವಿನಾಯಿತಿ ಇದೆ. ದೂರಿನಲ್ಲಿ ಅದನ್ನು ಸ್ಪಷ್ಟವಾಗಿ ಬರೆಯಬೇಕು. ಮಾಟುಂಗದಿಂದ ಇನ್ನೊಬ್ಬರು ಸೆಕೆಂಡ್ ಹ್ಯಾಂಡ್ ಕಾರಿನ ವಿಚಾರ ಕೇಳಿರುವುದನ್ನು ಮುಂದಿನ ಸಂಚಿಕೆಗೆ ಇಟ್ಟುಕೊಂಡಿದ್ದೇನೆ. ಅಷ್ಟರೊಳಗೆ ಅವರು ಹಿಂದಿನ ಮಾಲಿಕರಿಂದ ಹಳೆಯ ಜಾಬ್ ಕಾರ್ಡುಗಳನ್ನು ಕೇಳಿ ಪಡೆದಿಟ್ಟುಕೊಳ್ಳಲಿ.